ಮೂರು ತಿಂಗಳಿಗೆ ಸಾಲುವ ಗುಳಿಗೆ

ಬೆಳಿಗ್ಗೆ ಐಸಿಯುಗೆ ಕಾಲಿಡುತ್ತಲೇ ಲ್ಯಾಬಿನಿಂದ ಫೋನ್ ಬಂತು. "ಮೇಡಂರಿ, ನಿಮ್ಮ ಮೂರನೇ ಬೆಡ್ಡಿಂದು ಸೋಡಿಯಂ ಮತ್ತ ಏರೈತ್ರಿ. ಇನ್ನೊಮ್ಮೆ ರಕ್ತ ಕಳಸ್ರಿ, ಖಾತ್ರಿ ಮಾಡ್ಕೊಳ್ಳೂಣು." ಕಳಿಸುವ ಅಗತ್ಯವೇನೂ ಇರಲಿಲ್ಲ. ಬೆಡ್ಡಿನ ಕೆಳಗೆ ತೂಗುತ್ತಿದ್ದ ಮೂತ್ರದ ಚೀಲ ನೋಡಿದರೆ ಸಾಕಿತ್ತು. ರಾತ್ರಿಪಾಳಿಯವರು ಖಾಲಿ ಮಾಡಿ ಹೋಗಿದ್ದ ಚೀಲ ನಾನು ಏಪ್ರನ್ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ತುಂಬಿತ್ತು. ಬಣ್ಣವೇ ಇಲ್ಲ, ಬರೀ ನೀರು.

ಮೂರನೇ ಬೆಡ್ಡಿನಲ್ಲಿದ್ದವರು ತಂಗಡಗಿ ಕಡೆಯವರು, ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ನಡೆಸುತ್ತಿದ್ದವರು. ವಯಸ್ಸು ನಲವತ್ತರ ಆಸುಪಾಸು. ಎಂಜಿನ್ ಬಿಚ್ಚುತ್ತ ಕುಳಿತಿದ್ದವರು "ತಲಿ ಸಿಡ್ಯಾಕತ್ತೈತಿ" ಎಂದು ಅಲ್ಲೇ ಒರಗಿದರಂತೆ. ತಲೆಯೊಳಗಿನ ರಕ್ತನಾಳ ಒಡೆದಿತ್ತು. ಜಿಲ್ಲಾ ಕೇಂದ್ರದ ನಮ್ಮ ಆಸ್ಪತ್ರೆಗೆ ತಲುಪುವಾಗಲೇ ಎರಡೂ ಕಣ್ಣಿನ ಪಾಪೆಗಳು ಹಿಗ್ಗಿ ನಿಂತಿದ್ದವು. ನಾನು ಇಲ್ಲಿನ ಐಸಿಯು ವೈದ್ಯೆ. ಮಾಡಬೇಕಾದುದನ್ನೆಲ್ಲ ಮಾಡಿದೆವು, ಒಂದೂ ಹತ್ತಲಿಲ್ಲ. ಹಿಂದಿನ ದಿನ ಮಧ್ಯಾಹ್ನ ನಾಲ್ವರು ವೈದ್ಯರ ಸಮಿತಿ ಎರಡನೇ ಸಲದ ಪರೀಕ್ಷೆಯನ್ನೂ ಮುಗಿಸಿ, ಮೆದುಳು ಸತ್ತಿದೆ, ಅಂದರೆ ಮನುಷ್ಯ ತೀರಿಕೊಂಡಿದ್ದಾನೆ ಎಂದು ಸಹಿ ಹಾಕಿತ್ತು. ವೆಂಟಿಲೇಟರ್ ಉಸಿರು ತುಂಬುತ್ತಿದ್ದುದರಿಂದ ಹೃದಯ ಮಾತ್ರ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು.

ಸಂಜೆ ಅಂಗದಾನದ ಮಾತುಕತೆ ನಡೆಯಿತು. ಅದು ನಮ್ಮ ಕೋಆರ್ಡಿನೇಟರನ ಕೆಲಸ. ಬಸವನ ಬಾಗೇವಾಡಿಯ ಮೆದುಮಾತಿನ ಮನುಷ್ಯ ಅವನು. ನನ್ನ ನಾಲಿಗೆ ಎಂಥದೆಂದು ಗೊತ್ತಿರುವುದರಿಂದ ಇಂಥ ಹೊತ್ತಿನಲ್ಲಿ ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಕಣ್ಣಲ್ಲೇ ಹೇಳುತ್ತಾನೆ. ತೀರಿಕೊಂಡವರ ಅಣ್ಣ ಬೇಗ ಒಪ್ಪಿದ. "ಗ್ಯಾರೇಜಿನ್ಯಾಗ ಅವನೂ ಇದನ್ನ ಮಾಡ್ತಿದ್ನಲ್ರಿ. ಕೆಟ್ಟ ಟ್ರ್ಯಾಕ್ಟರಿಂದು ಚಲೋ ಪಾರ್ಟ್ ಬಿಚ್ಚಿ ಇನ್ನೊಂದಕ್ಕ ಹಾಕ್ತಿದ್ದ" ಎಂದ. ಹೆಂಡತಿ ತಲೆ ಎತ್ತಿ, "ಅವ್ರು ಟ್ರ್ಯಾಕ್ಟರ್ ಅಲ್ರಿ ಭಾವಾರ" ಎಂದಳು. ಸಿಂದಗಿ ತವರಿನ ಹೆಣ್ಣುಮಗಳು, ಮುದ್ದೇಬಿಹಾಳದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ತೀಡುತ್ತ ಕೂತಳು. ಆಮೇಲೆ, "ಮಣ್ಣಾಗ ಹೋಗೂದು ಹೋಗೇ ಹೋಗ್ತೈತಿ. ಯಾರಿಗರೆ ಉಪಯೋಗ ಆಗೂದಿದ್ರ ಆಗ್ಲಿ" ಎಂದು ಸಹಿ ಮಾಡಿದಳು.

ಹೃದಯವನ್ನು ನಮ್ಮ ಊರಿಂದ ಸಾಗಿಸುವಷ್ಟರಲ್ಲಿ ಹೊತ್ತು ಮೀರುತ್ತದೆಂದು ಮೊದಲೇ ಕೈಬಿಟ್ಟಿದ್ದರು. ಉಳಿದದ್ದು ಲಿವರ್ ಮತ್ತು ಎರಡು ಕಿಡ್ನಿ. ಲಿವರ್ ಒಯ್ಯಬೇಕಾದ ಊರಿನ ಶಸ್ತ್ರವೈದ್ಯರು ರಾತ್ರಿಯೇ ಫೋನಿನಲ್ಲಿ ಒಂದು ಷರತ್ತು ಹಾಕಿದ್ದರು: ಸೋಡಿಯಂ ನೂರಾ ಐವತ್ತೈದರ ಒಳಗೆ ಬರಬೇಕು. ಅದಕ್ಕಿಂತ ಮೇಲಿದ್ದರೆ ಹಾಕಿದ ಲಿವರ್ ಕೆಲಸ ಹಿಡಿಯದೆ ಹೋಗಬಹುದು. ಅವರ ರೋಗಿಗೆ ಇನ್ನೊಂದು ಲಿವರಿಗಾಗಿ ಕಾಯುವಷ್ಟು ದಿನ ಉಳಿದಿಲ್ಲ ಎಂದಷ್ಟೇ ಹೇಳಿದ್ದರು. ಈಗ ನಮ್ಮ ಸೋಡಿಯಂ ನೂರಾ ಅರವತ್ತನ್ನೂ ದಾಟಿ ನಿಂತಿತ್ತು.

ಇದು ಹೀಗೇಕಾಗುತ್ತದೆ ಎಂದು ಎರಡು ಮಾತು ಹೇಳಬೇಕು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇದೆ. ನೀರು ಹಿಡಿದಿಡು ಎಂದು ಕಿಡ್ನಿಗೆ, ಚುರುಕಾಗಿರು ಎಂದು ಥೈರಾಯ್ಡಿಗೆ, ಒತ್ತಡ ತಡೆದುಕೋ ಎಂದು ಕಿಡ್ನಿಯ ನೆತ್ತಿಯ ಮೇಲಿನ ಗ್ರಂಥಿಗೆ ಹೇಳಿಕಳಿಸುವುದು ಅದೇ. ಹೇಳಿಕಳಿಸುವುದೆಂದರೆ ಹಾರ್ಮೋನು. ಮೆದುಳು ಸತ್ತಾಗ ಆ ಗ್ರಂಥಿಯೂ ಸಾಯುತ್ತದೆ. ಕಿಡ್ನಿ ನೀರನ್ನೆಲ್ಲ ಹೊರಗೆ ಬಿಡುತ್ತದೆ, ರಕ್ತದಲ್ಲಿ ಉಪ್ಪು ಉಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಒತ್ತಡ ಎತ್ತಲು ನಾವು ನಾರ್‌ಅಡ್ರಿನಲಿನ್ ಏರಿಸುತ್ತ ಹೋದರೆ ರಕ್ತನಾಳಗಳು ಬಿಗಿದು, ಉಳಿಸಲು ಹೊರಟ ಲಿವರಿಗೇ ರಕ್ತ ಕಡಿಮೆಯಾಗುತ್ತದೆ. ಆದ್ದರಿಂದ ಇಲ್ಲದ ಹಾರ್ಮೋನುಗಳನ್ನು ನಾವೇ ಹೊರಗಿನಿಂದ ಕೊಡಬೇಕು. ನೀರು ಹಿಡಿಯಲು ವ್ಯಾಸೊಪ್ರೆಸಿನ್ ರಾತ್ರಿಯೇ ಶುರುವಾಗಿತ್ತು. ಅದೊಂದೇ ಸಾಲುತ್ತಿಲ್ಲ ಎಂದು ಈಗ ಸ್ಪಷ್ಟವಾಗಿತ್ತು. ವ್ಯಾಸೊಪ್ರೆಸಿನ್ ಏರಿಸಿ, ಸ್ಟಿರಾಯ್ಡ್ ಮತ್ತು ಥೈರಾಯ್ಡಿನ ಹಾರ್ಮೋನನ್ನೂ ಸೇರಿಸುವುದೆಂದು ತೀರ್ಮಾನಿಸಿದೆ. ಥೈರಾಯ್ಡಿನದು ಇಂಜೆಕ್ಷನ್ ರೂಪದಲ್ಲಿ ನಮ್ಮಂಥ ಊರಿಗೆ ಸಿಗುವುದಿಲ್ಲ. ಮನೆಮನೆಯಲ್ಲಿ ಹೆಂಗಸರು ಬೆಳಿಗ್ಗೆದ್ದು ನುಂಗುವ ಅದೇ ಗುಳಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಕುಟ್ಟಿ, ನೀರಲ್ಲಿ ಕಲಸಿ, ಮೂಗಿನ ನಳಿಕೆಯಿಂದ ಹೊಟ್ಟೆಗೆ ಬಿಡುತ್ತೇವೆ.

ನಮ್ಮ ಆಸ್ಪತ್ರೆಯ ಔಷಧಾಲಯದಲ್ಲಿ ಅಂದು ಆ ಗುಳಿಗೆ ಮುಗಿದಿತ್ತು. ಆಗಷ್ಟೇ ಡ್ಯೂಟಿಗೆ ಬಂದಿದ್ದ ಸಿಸ್ಟರ್‌ಗೆ, "ಹೊರಗಿಂದ ತರಸು, ಲಗೂನ" ಎಂದು ಹೇಳಿ ನಾನು ಲಿವರ್ ತಂಡದ ಫೋನ್ ಹಿಡಿದು ಕಿಟಕಿಯ ಬಳಿ ಹೋದೆ.

ತರಸು ಎಂಬ ಮಾತಿಗೆ ನಮ್ಮ ಕಡೆಯ ಐಸಿಯುಗಳಲ್ಲಿ ಒಂದೇ ಅರ್ಥ. ಚೀಟಿ ಬರೆದು, ಬಾಗಿಲಿಗೆ ಬಂದು, "ಮೂರನೇ ಬೆಡ್ಡಿನವ್ರು ಯಾರದೀರಿ?" ಎಂದು ಕೂಗಿ ಮನೆಯವರ ಕೈಗೆ ಕೊಡುವುದು. ಗ್ಲೂಕೋಸ್ ಬಾಟಲಿಯಿಂದ ಹಿಡಿದು ಸೂಜಿಯವರೆಗೆ ಹಾಗೇ ಬರುತ್ತದೆ. ಅಂಗದಾನಕ್ಕೆ ಒಪ್ಪಿದ ಮೇಲೆ ಮನೆಯವರಿಂದ ಒಂದು ಹತ್ತಿಯುಂಡೆಯನ್ನೂ ತರಿಸಬಾರದೆಂಬುದು ನಿಯಮ. ಸಿಸ್ಟರಿಗೂ ಅದು ಗೊತ್ತು. ಆದರೆ ಕೈಗೆ ಅಂಟಿದ ರೂಢಿ ನಿಯಮಕ್ಕಿಂತ ಮುಂದೆ ಓಡುತ್ತದೆ. ನಾನು ಫೋನ್ ಮುಗಿಸಿ ತಿರುಗುವಷ್ಟರಲ್ಲಿ ಚೀಟಿ ಹೊರಗೆ ಹೋಗಿಯಾಗಿತ್ತು. ಗಂಡಸರು ಚಹಾ ಕುಡಿಯಲು ಹೋಗಿದ್ದರಿಂದ ಅದನ್ನು ಹೆಂಡತಿಯೇ ಇಸಿದುಕೊಂಡಿದ್ದಳು.

ಎಲ್ಲಿಗೆ ಹೋದಳೆಂದು ನೋಡಲು ಕೋಆರ್ಡಿನೇಟರನನ್ನು ಓಡಿಸಬೇಕು ಅನ್ನುವಾಗಲೇ ಬಾಗಿಲು ತೆರೆಯಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಹಿಂದೆ ಅವಳ ಭಾವ. ಅವಳ ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಬಾಟಲಿ, ಸೀಲು ಒಡೆಯದ್ದು. ಅವಳು ನಗುತ್ತಿದ್ದಳು.

"ಡಾಕ್ಟರ್ ಬಾಯಾರ, ಬಿಡಿ ಗುಳಿಗಿ ಕೊಡಂಗಿಲ್ಲಂತ್ರಿ. ಪೂರಾ ಬಾಟ್ಲಿನ ತಗೋಬೇಕಂತ. ನೂರು ಅದಾವು, ದಿನಕ್ಕೊಂದರಂಗ ಮೂರು ತಿಂಗಳ ಮ್ಯಾಲೆ ಬರ್ತಾವಂತ" ಎಂದಳು. ಉಸಿರು ಎಳೆದುಕೊಂಡು ಮತ್ತೆ ಅಂದಳು, "ಮುಂಜಾನೆ ಖಾಲಿ ಹೊಟ್ಟೀಲೆ ಕೊಡ್ರಿ ಅಂದ್ರು ಅಂಗಡ್ಯಾವ್ರು. ಒಮ್ಮೆ ಚಾಲೂ ಮಾಡಿದ್ರ ಜೀವನಪೂರ್ತಿ ತಗೋಬೇಕಂತಲ್ರಿ. ಹೌದೇನ್ರಿ?"

ಔಷಧಿ ಅಂಗಡಿಯವನ ತಪ್ಪೇನಿಲ್ಲ. ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಅವನು ಹೇಳಿದ್ದ. ಆದರೆ ಹಿಂದಿನ ಸಂಜೆ ಗಂಡ ತೀರಿಕೊಂಡನೆಂದು ಕೇಳಿ ಸಹಿ ಮಾಡಿದ ಹೆಂಗಸಿನ ಕೈಗೆ ಬೆಳಿಗ್ಗೆ ನಾವು ಮೂರು ತಿಂಗಳ ಔಷಧಿ ಕೊಟ್ಟು ಕಳಿಸಿದ್ದೆವು. ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ನನಗೆ ಅವಳ ಮೇಲೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನು ಕಾರುವುದಕ್ಕೂ ಸಮಯವಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಭಾವ ಮುಂದೆ ಬಂದ. "ಮೇಡಂರಿ, ಸತ್ತವ್ರಿಗೆ ಯಾರರೆ ಗುಳಿಗಿ ತರಸ್ತಾರೇನ್ರಿ? ನಮ್ಮವ್ವಗೂ ಇದೇ ಗುಳಿಗಿ ಐತಿ, ನಂಗೇನು ಗೊತ್ತಿಲ್ಲಂತ ತಿಳದೀರೇನು? ಒಂದಕ್ಕ ನೋಡ್ರಿ ಹೆಂಗ ಆಗಾಕತ್ತೈತಿ, ಚೀಲ ತುಂಬಿ ತುಂಬಿ ಚೆಲ್ಲಾಕತ್ತಾರ. ಕಿಡ್ನಿ ಖಡಕ್ ಅದಾವು. ನೀವ ಗಡಬಡಿ ಮಾಡಿ ಸತ್ತಾನಂತ ಬರದು ಕೊಟ್ಟೀರಿ." ಅವನ ಧ್ವನಿ ಏರಿತು. "ಆಂಬುಲೆನ್ಸ್ ಕರಸ್ರಿ. ಸೊಲ್ಲಾಪುರಕ್ಕ ಒಯ್ತೇವಿ. ಇಂಡಿ ತಾಲೂಕಿನವ್ರು ಅದೀರಿ ಅಂತ ನಂಬಿದ್ದಿವಿ, ನಮ್ಮ ಜಿಲ್ಲಾದವ್ರಾಗಿ ಹಿಂಗ ಮಾಡಬಾರದಾಗಿತ್ತು."

ಹಿಂದೆ ಮಾನಿಟರ್ ಕೂಗಲು ಶುರುಮಾಡಿತು. ಒತ್ತಡ ಇಳಿಯುತ್ತಿತ್ತು. ಮುಂದೆ ಕೈ ಜೋಡಿಸಿ ನಗುವ ಹೆಣ್ಣುಮಗಳು. ಕೋಆರ್ಡಿನೇಟರ್ ನನ್ನ ಮೊಳಕೈ ಹಿಡಿದು ಪಕ್ಕಕ್ಕೆ ಕರೆದ. "ಮೇಡಂ, ನಾ ಸಮಾಧಾನ ಮಾಡ್ತೀನಿ. ಅಷ್ಟರಾಗ ನೀವು ಗುಳಿಗಿ ಚಾಲೂ ಮಾಡ್ರಿ, ಹೊತ್ತು ಹೋಗಾಕತ್ತೈತಿ" ಎಂದು ಪಿಸುಗುಟ್ಟಿದ. ಅವನು ಹೇಳಿದ್ದು ವೈದ್ಯಕೀಯವಾಗಿ ಸರಿಯೇ. ಸಹಿ ಮಾಡಿದ ಒಪ್ಪಿಗೆ ಕಡತದಲ್ಲಿತ್ತು, ಯಾರೂ ಅದನ್ನು ಹಿಂದಕ್ಕೆ ಕೇಳಿರಲಿಲ್ಲ. ಗುಳಿಗೆ ಕೊಟ್ಟಿದ್ದರೆ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ.

ನನಗೆ ಆಗಲಿಲ್ಲ. ಆ ಗುಳಿಗೆ ಅವಳ ಕಣ್ಣಿನಲ್ಲಿ ಗಂಡನನ್ನು ಎಬ್ಬಿಸುವ ಔಷಧಿ. ಅದನ್ನು ಅವಳ ಕೈಯಿಂದ ಇಸಿದುಕೊಂಡು, ಅವಳೆದುರೇ ಕುಟ್ಟಿ ಹಾಕಿ, ಸಂಜೆ ಅವನನ್ನು ಆಪರೇಷನ್ ಕೋಣೆಗೆ ಒಯ್ಯುವುದೆಂದರೆ ಅವಳು ಬದುಕಿರುವ ತನಕ ಗಂಡನನ್ನು ನಾವು ಕೊಂದೆವೆಂದೇ ತಿಳಿದಿರುತ್ತಾಳೆ. ಲಿವರ್ ಹೋದರೆ ಹೋಗಲಿ ಎಂದು ಬಾಯಲ್ಲಿ ಹೇಳುವುದು ಸುಲಭ. ಆ ಕಡೆ ಯಾರೋ ಹಳದಿಗಟ್ಟಿದ ಕಣ್ಣು ತೆರೆದು ಮಲಗಿದ್ದಾರೆ ಎಂಬುದೂ ನನಗೆ ಗೊತ್ತಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಅನ್ನುತ್ತಾರಲ್ಲ, ಹಾಗಾಗಿತ್ತು. ನಡೆಯುತ್ತಿದ್ದ ಔಷಧಿಗಳನ್ನು ಹಾಗೇ ನಡೆಯಲು ಬಿಟ್ಟೆ, ಒತ್ತಡಕ್ಕೆ ನಾರ್‌ಅಡ್ರಿನಲಿನ್ ಕೊಂಚ ಏರಿಸಿದೆ, ಹೊಸದೇನನ್ನೂ ಸೇರಿಸಬಾರದೆಂದು ಸಿಸ್ಟರಿಗೆ ಹೇಳಿದೆ. ಆಮೇಲೆ ಇಬ್ಬರನ್ನೂ ಬೆಡ್ಡಿನ ಹತ್ತಿರಕ್ಕೆ ಕರೆದೆ.

"ನೋಡವಾ ತಂಗಿ," ಎಂದೆ. "ಗುಳಿಗಿ ಚೀಟಿ ನಿನ್ನ ಕೈಗೆ ಕೊಟ್ಟದ್ದು ನಮ್ಮ ತಪ್ಪು. ಪೂರಾ ನಮ್ಮ ತಪ್ಪು. ನಿನ್ನಿ ಹೇಳಿದ್ದು ಮಾತ್ರ ತಪ್ಪಲ್ಲ. ನಿನ್ನ ಸಹಿ ನಿನಗ ಹಿಂದಕ್ಕ ಬೇಕಂದ್ರ ಈಗ ತಗೋ, ಯಾರೂ ಏನೂ ಅನ್ನಂಗಿಲ್ಲ. ಆದ್ರ ಅದಕ್ಕೂ ಮೊದಲ ನಿನ್ನ ಕಣ್ಣಲೇ ಒಮ್ಮೆ ನೋಡು."

ಜೇಬಿನಿಂದ ಟಾರ್ಚ್ ತೆಗೆದೆ. ಗಂಡನ ಕಣ್ಣಿಗೆ ಹಾಕಲಿಲ್ಲ, ಮೊದಲು ಅವಳ ಕಣ್ಣಿಗೇ ಹಾಕಿದೆ. "ನೀವು ನೋಡ್ರಿ, ನಡುವಿನ ಕರಿ ಚುಕ್ಕಿ ಏನಾಗ್ತೈತಿ ಹೇಳ್ರಿ" ಎಂದು ಭಾವನಿಗೆ ಹೇಳಿದೆ. ಅವನು ಸಂಕೋಚದಿಂದಲೇ ಬಗ್ಗಿದ. ತಮ್ಮನ ಹೆಂಡತಿಯ ಮುಖವನ್ನು ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಕ್ಕಿಲ್ಲ. "ಸಣ್ಣ ಆತ್ರಿ. ತಟ್ಟನ ಸಣ್ಣ ಆತು" ಎಂದ. ಅವನ ಕಣ್ಣಿಗೆ ಹಾಕಿ ಅವಳಿಗೆ ತೋರಿಸಿದೆ. ಅದೂ ಸಣ್ಣದಾಯಿತು. ಬಳಿಕ ಗಂಡನ ರೆಪ್ಪೆ ಎತ್ತಿ ಬೆಳಕು ಬಿಟ್ಟೆ. ಇಬ್ಬರೂ ಬಗ್ಗಿ ನೋಡುತ್ತಲೇ ಇದ್ದರು. ಪಾಪೆ ಅಗಲವಾಗಿಯೇ ಉಳಿಯಿತು. ಇನ್ನೊಂದು ಕಣ್ಣು. ಅದೂ ಹಾಗೇ. ಗಂಟಲಿನ ನಳಿಕೆಯೊಳಗೆ ಕಫ ತೆಗೆಯುವ ಸಣ್ಣ ಕೊಳವೆ ಇಳಿಸಿದೆ. ಜೀವವಿರುವ ಎಂಥವರಾದರೂ ಕೆಮ್ಮಿ ಎದ್ದು ಬೀಳುತ್ತಾರೆ. ಎದೆ ಯಂತ್ರದ ತಾಳಕ್ಕೆ ಏರಿಳಿದದ್ದು ಬಿಟ್ಟರೆ ಏನೂ ಆಗಲಿಲ್ಲ.

"ಮತ್ತ ಒಂದಕ್ಕ?" ಎಂದ ಭಾವ. ಧ್ವನಿ ಇಳಿದಿತ್ತು.

"ಒಂದಕ್ಕ ಹಿಂಗ ಹೋಗೂದು ಚಲೋ ಲಕ್ಷಣ ಅಲ್ರಿ. ಬಸ್ ಸ್ಟ್ಯಾಂಡಿನ ನಳ ಬಂದ್ ಮಾಡೋರು ಇಲ್ಲಂದ್ರ ಹೆಂಗ ಹರಿತೈತಿ, ಹಂಗ. ಸಾಕು, ನಿಲ್ಲು ಅಂತ ಹೇಳೋದು ತಲಿಯಾಗಿತ್ತು. ಅದು ಹೋಗೈತಿ. ಅದಕ್ಕ ನೀರು ನಿಲ್ವಲ್ದು."

ಅವಳ ಮುಖದ ನಗು ಯಾವಾಗ ಹೋಯಿತೋ ನಾನು ಗಮನಿಸಲಿಲ್ಲ. ಬಾಟಲಿಯನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋದಳು. ಭಾವ ಹಿಂದೆ ಹೋಗದೆ ತಮ್ಮನ ಕಾಲಬೆರಳು ಹಿಡಿದುಕೊಂಡು ನಿಂತ. ಸೊಲ್ಲಾಪುರದ ಮಾತು ಮತ್ತೆ ಎತ್ತಲಿಲ್ಲ.

ಆಮೇಲಿನ ಹೊತ್ತು ನನಗೆ ನುಂಗಲಾರದ ತುತ್ತಾಗಿತ್ತು. ಲಿವರ್ ತಂಡದಿಂದ ಫೋನು. "ಸೋಡಿಯಂ ಎಷ್ಟು ಮೇಡಂ? ನಾವು ಗಾಡಿ ಹತ್ತೋದಾ ಬೇಡವಾ?" ಸುಳ್ಳು ಹೇಳಲಾರೆ, ನಿಜ ಹೇಳಿದರೆ ಅವರು ಹೊರಡುವುದೇ ಇಲ್ಲ. "ಮನೆಯವರ ಮಾತು ಬಾಕಿ ಇದೆ. ಅವರು ಹೂಂ ಅಂದರೆ ಸೋಡಿಯಂ ಇಳಿಸುವ ಜವಾಬ್ದಾರಿ ನನ್ನದು" ಎಂದೆ. ಫೋನ್ ಇಟ್ಟ ಮೇಲೆ ಹಾಗೆ ಹೇಳಿದ್ದಕ್ಕೆ ನನ್ನ ಮೇಲೆ ನನಗೇ ಕೋಪ ಬಂತು. ಇಳಿಯುತ್ತದೆಂದು ನನಗೆ ಯಾರು ಬರೆದುಕೊಟ್ಟಿದ್ದರು? ಸಿಸ್ಟರ್ ಮೂತ್ರದ ಚೀಲ ಮತ್ತೊಮ್ಮೆ ಖಾಲಿ ಮಾಡಿದಳು. ಒತ್ತಡ ಮತ್ತೆ ಜಾರಿತು, ನಾರ್‌ಅಡ್ರಿನಲಿನ್ ಮತ್ತೆ ಏರಿಸಿದೆ. ಬಾಗಿಲಿನ ಗಾಜಿನಿಂದ ನೋಡಿದರೆ ಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಕೋಆರ್ಡಿನೇಟರ್ ಎದುರಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ. ಅವನು ಮಾತಾಡುತ್ತಿಲ್ಲವೆಂದು ನೋಡಿ ನನಗೆ ಅವನ ಮೇಲೆ ಗೌರವ ಬಂತು. ಹೊರಗೆ ಹೋಗಿ, ಬೇಗ ಹೇಳು ತಾಯಿ ಎಂದು ಕಾಲು ಹಿಡಿಯಬೇಕು ಅನ್ನಿಸುತ್ತಿತ್ತು. ಹೋಗಲಿಲ್ಲ.

ಅವಳಾಗಿಯೇ ಬಂದಳು. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದಳು.

"ಈ ಗುಳಿಗಿ ಅವ್ರಿಗಲ್ಲ, ಹೌದಲ್ರಿ?"

"ಅಲ್ಲವಾ."

"ಯಾರಿಗ್ರಿ?"

"ಗೊತ್ತಿಲ್ಲ. ಗೊತ್ತಿದ್ರೂ ಹೇಳೂ ಹಂಗಿಲ್ಲ."

"ಹೆಂಗಸೋ, ಗಂಡಸೋ?"

"ಅದೂ ನನಗ ಗೊತ್ತಿಲ್ಲ ತಂಗಿ. ಜಡ್ಡು ಭಾಳ ಐತಿ ಅಂತಷ್ಟ ಗೊತ್ತು. ಅವರಿಗೆ ಮುಟ್ಟೂತನ ನಿನ್ನ ಗಂಡನ ಮೈಯಾಗಿನ ಲಿವರ್ ಕೆಡಬಾರದು. ಅದಕ್ಕ ಈ ಗುಳಿಗಿ. ನಿನ್ನ ಗಂಡ ಎದ್ದು ಬರಲಿ ಅಂತಲ್ಲ."

ಬಾಟಲಿಯ ಸೀಲನ್ನು ಅವಳೇ ಉಗುರಿನಿಂದ ಕಿತ್ತಳು. ಮುಚ್ಚಳ ತೆಗೆದು ನನ್ನ ಕಡೆ ಚಾಚಿದಳು.

"ಹಂಗಾರ ಕುಟ್ರಿ," ಎಂದಳು.

ಸಿಸ್ಟರ್ ಮೂರು ಗುಳಿಗೆ ಎಣಿಸಿ ಕಲ್ಬತ್ತಿಗೆ ಹಾಕಿದಳು. ನುಣ್ಣಗೆ ಅರೆದು ನೀರಲ್ಲಿ ಕದಡಿ ಮೂಗಿನ ನಳಿಕೆಗೆ ಬಿಟ್ಟೆವು. ಹಿಂದೆಯೇ ಸ್ಟಿರಾಯ್ಡ್ ಹನಿಹನಿಯಾಗಿ ಶುರುವಾಯಿತು. ಸಕ್ಕರೆ ಏರದಂತೆ ಇನ್ಸುಲಿನ್. ವ್ಯಾಸೊಪ್ರೆಸಿನ್ ಒಂದು ಹಂತ ಮೇಲೆ. ಕಳೆದುಹೋದ ನೀರಿಗೆ ಬದಲಾಗಿ ಅದೇ ನಳಿಕೆಯಿಂದ ಬರೀ ಕುಡಿಯುವ ನೀರು, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ. ಬದುಕಿರುವವರಲ್ಲಿ ಸೋಡಿಯಂ ಅವಸರದಿಂದ ಇಳಿಸಿದರೆ ಮೆದುಳು ಊದಿಕೊಳ್ಳುತ್ತದೆಂದು ನಾವು ಜೀವ ಕೈಯಲ್ಲಿ ಹಿಡಿದು ಇಳಿಸುತ್ತೇವೆ. ಇಲ್ಲಿ ಆ ಹೆದರಿಕೆ ಬೇಕಿರಲಿಲ್ಲ. ಇಷ್ಟು ವರ್ಷ ಕೈ ರೂಢಿಸಿಕೊಂಡ ಹೆದರಿಕೆಯಾದ್ದರಿಂದ, ಪ್ರತಿ ಸಲ ನೀರು ಬಿಡುವಾಗಲೂ ಕೈ ತಾನೇ ತಡೆಯುತ್ತಿತ್ತು. ನಿನಗೇನು ಹುಚ್ಚೇ ಎಂದು ಬೈದುಕೊಂಡು ಬಿಡುತ್ತಿದ್ದೆ.

ಮೊದಲ ರಕ್ತದ ವರದಿ ಬಂತು. ಒಂದಿಷ್ಟೂ ಇಳಿದಿರಲಿಲ್ಲ. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟೆ. ಲಿವರ್ ತಂಡ ಅಷ್ಟರಲ್ಲಿ ಗಾಡಿ ಹತ್ತಿ ಅರ್ಧ ದಾರಿಯಲ್ಲಿತ್ತು, ನನ್ನ ಮಾತಿನ ಮೇಲೆ. ಅವರನ್ನು ಅರ್ಧ ದಾರಿಯಿಂದ ತಿರುಗಿಸುವುದು ಹೇಗೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಆಮೇಲೆ ಮೂತ್ರದ ಹರಿವು ಸಣ್ಣಗಾದದ್ದು ಸಿಸ್ಟರಿಗೆ ಮೊದಲು ಕಂಡಿತು. "ಮೇಡಂ, ಚೀಲ ತುಂಬವಲ್ದು" ಎಂದಳು. ಮೂತ್ರ ನಿಂತದ್ದಕ್ಕೆ ನಾನು ಖುಷಿಪಟ್ಟ ದಿನ ಅದೊಂದೇ ಇರಬೇಕು. ನಾರ್‌ಅಡ್ರಿನಲಿನ್ ಒಂದೊಂದೇ ಹಂತ ಇಳಿಸಿದೆ. ಒತ್ತಡ ನಿಂತಲ್ಲೇ ನಿಂತಿತು. ಮುಂದಿನ ವರದಿಯಲ್ಲಿ ಸೋಡಿಯಂ ಕೆಳಗೆ ಬಂದಿತ್ತು, ಅದರ ಮುಂದಿನದರಲ್ಲಿ ಶಸ್ತ್ರವೈದ್ಯರು ಹೇಳಿದ ಗೆರೆಯ ಒಳಗೆ. ಲ್ಯಾಬಿನವನು ಫೋನಿನಲ್ಲಿ ಅಂಕಿ ಹೇಳಿದಾಗ, "ಇನ್ನೊಮ್ಮೆ ಹೇಳು" ಎಂದು ಮೂರು ಸಲ ಹೇಳಿಸಿದೆ. ಇಳಿಸಿದ್ದು ಆ ಗುಳಿಗೆಯೋ, ಸ್ಟಿರಾಯ್ಡೋ, ಬರೀ ನೀರೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಇದರ ಬಗ್ಗೆ ದೊಡ್ಡ ದೊಡ್ಡವರೇ ಇನ್ನೂ ವಾದ ಮಾಡುತ್ತಿದ್ದಾರೆ.

ತಂಡ ಬಂತು. ಲಿವರ್ ಕಣ್ಣಾರೆ ನೋಡಿದ ಶಸ್ತ್ರವೈದ್ಯರು ಮಾಸ್ಕಿನ ಮೇಲಿಂದ ನನ್ನತ್ತ ನೋಡಿ ತಲೆ ಆಡಿಸಿದರು. ಅಷ್ಟೇ. ಐಸ್ ಪೆಟ್ಟಿಗೆಗಳು ಒಂದೊಂದು ದಿಕ್ಕಿಗೆ ಹೊರಟವು. ಹೊಲಿಗೆ ಮುಗಿದ ಮೇಲೆ ಸಿಸ್ಟರ್ ಮೈ ಒರೆಸಿ, ತಲೆ ಬಾಚಿ, ಮನೆಯವರು ತಂದ ಧೋತರ ಉಡಿಸಿದಳು. ಬೆಳಿಗ್ಗೆ ಬೈಯದೆ ಬಿಟ್ಟ ಬೈಗುಳವನ್ನು ನಾನು ಎಂದೂ ಬೈಯಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ಆಂಬುಲೆನ್ಸ್ ಹಿಂಬಾಗಿಲಿಗೆ ಬಂದು ನಿಂತಿತು. ತಂಗಡಗಿಯಿಂದ ಹಿರಿಯರಿಬ್ಬರು ಬಂದಿದ್ದರು. ಊರಿಗೆ ಫೋನ್ ಮಾಡಿ ಕಾರ್ಯ ಮಾಡಿಸುವ ಅಯ್ಯನವರಿಗೆ, ಬೀಗರಿಗೆ ಎಲ್ಲ ತಿಳಿಸಬೇಕಿತ್ತು. ಭಾವ ಫೋನ್ ಕಿವಿಗೆ ಇಟ್ಟುಕೊಂಡವನು ಅರ್ಧಕ್ಕೆ ನಿಂತು ನನ್ನ ಬಳಿ ಬಂದ.

"ಮೇಡಂರಿ, ಮೂರನೇ ದಿನದ ಕಾರ್ಯ ಯಾವತ್ತು ಇಡೋದಂತ ಕೇಳಾಕತ್ತಾರ. ಎಂದಿಂದ ಎಣಸೋದ್ರಿ? ನೀವು ಬರದು ಕೊಟ್ಟದ್ದು ಒಂದು ದಿನ. ಎದಿ ನಿಂತದ್ದು ಇವತ್ತು. ಯಾವುದಂತ ಹೇಳ್ಲಿ?"

ಕಾನೂನು ಏನು ಹೇಳುತ್ತದೆ ಎಂದು ತಿಳಿಸಲು ಬಾಯಿ ತೆರೆದೆ. ಹಾಗೆ ಹೇಳುವುದಕ್ಕೆ ನನಗೆ ಅಧಿಕಾರವಿತ್ತು, ಧೈರ್ಯ ಇರಲಿಲ್ಲ. ಆಂಬುಲೆನ್ಸಿನ ಒಳಗಿನಿಂದ, ಗಂಡನ ತಲೆಯ ಹತ್ತಿರ ಕೂತಿದ್ದ ಅವಳು ಕೇಳಿಸಿಕೊಂಡಿದ್ದಳು.

"ನಿನ್ನಿಯಿಂದ ಎಣಸ್ರಿ ಭಾವಾರ," ಎಂದಳು. "ಅವ್ರು ನಿನ್ನಿನ ಹೋಗ್ಯಾರ."